ನಲವತ್ತು, ನಲವತ್ತೊಂದು

ಶಕ್ತಿನಗರದ ರಾತ್ರಿಗೆ ಬೂದಿಯ ಬಣ್ಣ.
ಚಿಮಣಿಯ ನೆತ್ತಿಯ ಕೆಂಪು ದೀಪ
ಏನನ್ನೋ ಎಣಿಸಿ, ಮರೆತು, ಮತ್ತೆ ಎಣಿಸುತ್ತದೆ.
ಹೊರಗೆ ಮೇ ತಿಂಗಳು ಬಂಡೆಯೊಳಗಿಂದ ಇನ್ನೂ ಕಾಯುತ್ತಿದೆ.
ಗಾಜಿನ ಕೋಣೆಯಲ್ಲಿ ಮಾತ್ರ
ಯಂತ್ರಕ್ಕೆ ಸೆಕೆಯಾಗಬಾರದೆಂದು
ನನಗೊಂದು ಸ್ವೆಟರು.

ಹದಿನೆಂಟು ಕಿಲೋಮೀಟರಿನಾಚೆ, ರಾಯಚೂರಿನ
ಸ್ಟೇಷನ್ ರಸ್ತೆಯ ಹಳೇ ಕಚೇರಿಯಲ್ಲಿ
ಇನ್ನೊಂದು ಯಂತ್ರ, ಅದರ ಮುಂದೆ ಮೌಲಪ್ಪ.
ನಡುವೆ, ಕಂಬದಿಂದ ಕಂಬಕ್ಕೆ, ಕೂದಲೆಳೆಯ ಗಾಜು.
ಅವನ ಮುಖ ನೋಡಿಲ್ಲ ನಾನು. ಕೆಮ್ಮು ಗೊತ್ತು.
ತಲೆಯ ಮೇಲಿನ ಫ್ಯಾನು ಮೂರನೇ ಸುತ್ತಿಗೊಮ್ಮೆ
ಕಿರ್ರೆನ್ನುವುದು ಗೊತ್ತು. ಎಂಟರ್ ಒತ್ತುವ ಮುಂಚೆ
ಪ್ರತಿ ಸಲ ಮೌಲಾಲಿ ತಾತನ ಹೆಸರು ಹೇಳುವುದು ಗೊತ್ತು.

ಮೊದಲು ವಿಳಾಸ ಬರೆಯಬೇಕು.
ನನ್ನ ಫೈಲಿನಲ್ಲಿ ನಾನು ಈಚೆ ದಂಡೆ, ಅವನು ಆಚೆ.
ಅವನ ಫೈಲಿನಲ್ಲಿ ಅವನೇ ಈಚೆ.
ಒಂದೇ ಹೊಳೆ, ಎರಡು ಈಚೆ ದಂಡೆ.
ಮಾಸ್ಕಿನ ಜಾಗದಲ್ಲಿ ನಾಲ್ಕು ಸಲ
ಇನ್ನೂರೈವತ್ತೈದು ಹೊಡೆದೆ.
ಅದರರ್ಥ ಇಷ್ಟೆ: ಈ ದಾರಿಗೆ ಊರಿಲ್ಲ, ಓಣಿಯಿಲ್ಲ,
ತುದಿಯಲ್ಲಿ ಒಂದೇ ಬಾಗಿಲು.
ಯಾರ ಮನೆಯೆಂದು ಯಾರನ್ನೂ ಕೇಳಬೇಕಿಲ್ಲ.

"ಚಾಲೂ ಮಾಡ್ಲೇನ್ರಿ ಮೇಡಂ?"
"ಮಾಡ್ರಿ."
ಕಪ್ಪು ಪರದೆಯ ಮೇಲೆ ಹಸಿರಾಗಿ ಮೂಡಿತು: ನಿರೀಕ್ಷಣೆಯಲ್ಲಿದೆ.
"ನಿಮ್ಮ ಕಡೆ?"
"ಇಲ್ಲೂ ಕಾಯಾಕತ್ತದ್ರಿ."

ಹನ್ನೆರಡು. ಒಂದು. ಒಂದೂವರೆ.
ಕಲ್ಲಿದ್ದಲ ರೇಕು ಬಂದು ನಿಂತಿತು,
ಲೋಟದ ಚಹಾದಲ್ಲಿ ಉಂಗುರಗಳೆದ್ದವು.
ಚಿಕ್ಕಸೂಗೂರಿನ ಹತ್ತಿರ ಜೆಸಿಬಿ ಏನಾದರೂ...
ಇಲ್ಲ, ಕಂಬದ ಮೇಲಿನ ತಂತಿಗೆ ಜೆಸಿಬಿ ಏನು ಮಾಡೀತು,
ನಿದ್ದೆಗಣ್ಣಿನ ಯೋಚನೆ ಅದು.
ಬೆಳಕು ಎರಡೂ ತುದಿಗೆ ಮುಟ್ಟುತ್ತಿದೆ.
ಬೆಳಕು ಮುಟ್ಟಿಯೂ ಮಾತು ಮುಟ್ಟುತ್ತಿಲ್ಲ.

ಅವನು ಹೇಳಲೆಂದು ನಾನು, ನಾನು ಹೇಳಲೆಂದು ಅವನು,
ರಿಸೀವರು ಕಿವಿಗೊತ್ತಿ ಕೂತೆವು.
ಅರ್ಧ ನಿಮಿಷ ಬರೀ ಫ್ಯಾನು.
ಆಗ ಕೇಳಿದೆ:
"ಮೌಲಪ್ಪ, ನೀವು ಓದೋದು ಯಾವುದರಾಗ?"
"ನಲವತ್ತರಾಗ್ರಿ."
"ಬರೆಯೋದು?"
"ನಲವತ್ತೊಂದರಾಗ. ಸಮ ಓದಾಕ, ಬೆಸ ಬರಿಯಾಕ,
ಪುಸ್ತಕದಾಗ ಹಂಗೇ ಅದ."
"ನನ್ನದೂ ಹಂಗೇ ಅದ."

ಇಬ್ಬರೂ ಪುಸ್ತಕದ ಪ್ರಕಾರ ಸರಿ.
ನಲವತ್ತರ ಎರಡೂ ತುದಿಗೆ ಕಿವಿ,
ನಲವತ್ತೊಂದರ ಎರಡೂ ತುದಿಗೆ ಬಾಯಿ.
ನಾನು ಓದುವಲ್ಲಿ ಇನ್ನೊಬ್ಬರು ಬರೆಯಬೇಕು;
ಯಾರೋ ಒಬ್ಬರು ಪುಸ್ತಕ ಮುಚ್ಚಬೇಕು.
"ನಾ ತಿರುವಿ ಹಾಕ್ತೀನಿ ಬಿಡ್ರಿ," ಅಂದ.
ನೀವೇ ಯಾಕೆ, ಅನ್ನಲಿಲ್ಲ ನಾನು.
ದೊಡ್ಡ ಯಂತ್ರ ನನ್ನದು, ದೊಡ್ಡ ಹುದ್ದೆ ನನ್ನದು.
ಅವನೂ ಅದನ್ನೇ ನೆನೆದನೋ ಏನೋ.
ಮೌಲಾಲಿ ತಾತ. ಎಂಟರ್.

ಹೋಯಿತು. ಬಂತು. ಹೋಯಿತು, ಬಂತು.
ಮಕ್ಕಳು ಗೋಡೆಗೆ ಚೆಂಡು ಹೊಡೆಯುವ ಹಾಗೆ.
ಕಲ್ಲಿದ್ದಲಿನ ಲೆಕ್ಕ ಕಳಿಸಿದೆ; ಅರ್ಧದಲ್ಲೇ ನಿಂತಿತು.
ಕಿರುಮಾತು ದಾಟುತ್ತದೆ, ದೊಡ್ಡದು ದಾಟವಲ್ಲದು.
ನನ್ನ ಚೀಲ ನಾಲ್ಕು ಸಾವಿರದ ಚಿಲ್ಲರೆ ಅಗಲ,
ಅವನ ಬಾಗಿಲು ಒಂದೂವರೆ ಸಾವಿರ.
ಅಳಿಸಿದೆ, ಅವನ ಅಳತೆಯನ್ನೇ ಬರೆದೆ.
ಅವನಿಗೆ ಹೇಳಲಿಲ್ಲ.

ನಾಲ್ಕಕ್ಕೆ ಲೆಕ್ಕವೆಲ್ಲ ದಾಟಿತು. ದೇವಸೂಗೂರಿನ ಕಡೆ
ಮೊದಲ ಕೋಳಿ, ಕಿಟಕಿಯಲ್ಲಿ ಕೃಷ್ಣೆ
ತೊಳೆಯದ ತಟ್ಟೆಯ ಹಾಗೆ ಮಬ್ಬು.
"ಇನ್ನ ನಾಳಿಂದ ಫೋನು ಬೇಕಾಗಂಗಿಲ್ಲ ನೋಡ್ರಿ."
"ಹೌದು."
ಇಬ್ಬರೂ ಇಡಲಿಲ್ಲ.
ಒಂದು ಸುತ್ತು, ಎರಡು ಸುತ್ತು, ಕಿರ್ರ್.
"ಆ ಫ್ಯಾನಿಗೆ ಎಣ್ಣೆ ಬಿಡಬಾರದೇನ್ರಿ, ಮೌಲಪ್ಪ?"
"ಬಿಟ್ಟೀನ್ರಿ, ಮೂರು ಸಲ.
ಅದು ಕೇಳಂಗಿಲ್ಲ."