ಹೊಳೆಯಾಚೆಯ ಚೀಟಿ

ಹರಿಹರದ ಹಳೇ ಸೇತುವೆಗೆ ಇಳಿಯುವ ಓಣಿ,
ನನ್ನ ಪಟ್ಟಿಯಲ್ಲಿ ಹದಿನೇಳನೇ ಮೀಟರು.
ಗಾಜಿನ ಧೂಳು ಅಂಗಿತೋಳಲ್ಲಿ ಒರೆಸಿ ಅಂಕಿ ಒತ್ತಿದೆ.
ಸೊಂಟದ ಮಿಷನ್ನು ಕಿರ್ರೆಂದು ಬಿಳಿ ನಾಲಿಗೆ ಚಾಚಿತು.

ಖೈರುನ್ಬಿ ಮೆಂತ್ಯದ ಸಿವುಡು ಕೆಳಗಿಟ್ಟು
ಸೆರಗಿನ ಗಂಟಿಂದ ಇನ್ನೊಂದು ಚೀಟಿ ತೆಗೆದಳು:
ಹೊಳೆಯಾಚೆ ಕುಮಾರಪಟ್ಟಣದ ತಂಗಿಯದು.
'ನೋಡು ತಮ್ಮಾ, ಆಕೆಗೂ ಒಂದೇ ಕೂಲರು, ನನಗೂ ಒಂದೇ.
ಈ ತಿಂಗಳು ಇಬ್ಬರದೂ ಪುಕ್ಕಟೆ ಗೆರೆ ದಾಟೈತೆ.
ಇಲ್ಲಿ ಕೂಗಿದರೆ ಅಲ್ಲಿ ಓ ಅಂತಾಳೆ.
ಯೂನಿಟ್ಟಿಗೆ ಇಷ್ಟು ಪೈಸೆ ನನಗ್ಯಾಕೆ ಹೆಚ್ಚು?'

ಹೆಲ್ಮೆಟ್ ತೆಗೆದೆ. ಗೊತ್ತಿದ್ದಷ್ಟು ಹೇಳಿದೆ:
ಹೊಳೆ ದಾಟಿದರೆ ಜಿಲ್ಲೆ ಬೇರೆ, ಕಂಪನಿ ಬೇರೆ,
ಅವರು ಯಾರಿಂದ ಎಷ್ಟಕ್ಕೆ ಕೊಂಡರೋ, ನಾವು ಯಾರಿಂದಲೋ,
ಕಲ್ಲಿದ್ದಲು ರೈಲೇರಿ ಬರಬೇಕು,
ದಾರಿಯುದ್ದ ತಂತಿ ಕಾದು ಒಂದಿಷ್ಟು ಸೋರಬೇಕು,
ಸೋರಿದ್ದಕ್ಕೂ ಯಾರೋ ಕೊಡಬೇಕು.
ಮೂಲ ದರ ಒಂದೇ ಅಕ್ಕಾ,
ಈ ಕೆಳಗಿನ ಸಾಲು, ಇಂಧನ ಹೊಂದಾಣಿಕೆ, ಅದು ತಿಂಗಳು ತಿಂಗಳೂ...

ನಕ್ಕಳು. 'ನನಗೇ ಪಾಠ ಹೇಳ್ತೀಯೇನು?
ಮಲೇಬೆನ್ನೂರಿನ ಸೊಪ್ಪಿಗೆ ಒಂದು ರೇಟು,
ಆಟೋ ಕೆಟ್ಟ ದಿನ ಒಂದು ರೇಟು,
ಬಾಡಿದ್ದರ ಲುಕ್ಸಾನು ಬಾಡದ್ದರ ಮ್ಯಾಲೆ ಹಾಕ್ತೀನಿ,
ಇಲ್ಲಾಂದ್ರೆ ನನ್ನ ಹೊಟ್ಟೆ ಮ್ಯಾಲೆ.
ಆದ್ರೆ ಗಿರಾಕಿ ನನ್ನ ಮುಂದೆ ಕುಕ್ಕರಗಾಲಿನಾಗೆ ಕುಂದರ್ತಾನೆ,
ಜಗಳಾಡ್ತಾನೆ,
ಎದ್ದು ಹೋಗುವಾಗ ಎರಡು ಕಡ್ಡಿ ಕೊತ್ತಂಬರಿ ಕಸೀತಾನೆ.
ನಾನು ಯಾರ ಮುಂದೆ ಕುಂದರ್ಲಿ, ಹೇಳು?'

ಇನ್ನೂ ಹದಿಮೂರು ಮನೆ ಉಳಿದಿದ್ದವು.

'ದುರ್ಗಕ್ಕೆ ಹೋಗುವಾಗ ಬಸ್ಸಿಂದ ನೋಡೀನಿ,
ಗುಡ್ಡದ ಮ್ಯಾಲೆ ಸಾಲಾಗಿ ಪಂಕ.
ಗಾಳೀನೂ ರೈಲಿನಾಗೆ ಬರತೈತಾ?
ಅದರ ಪಾಲು ಯಾವ ಸಾಲಿನಾಗೈತೆ?'

ಚೀಟಿಯನ್ನು ಮೇಲಿಂದ ಕೆಳಗೆ ಓದಿದೆ,
ಮೊದಲ ಸಲ ಓದುವವನಂತೆ.
ನಿಗದಿತ ಶುಲ್ಕ, ತೆರಿಗೆ, ಬಾಕಿ, ಬಡ್ಡಿ.
ಗಾಳಿಗೆ ಕಾಲಂ ಇರಲಿಲ್ಲ.
'ಆಫೀಸಿನಾಗೆ ಕೇಳ್ತೀನಿ' ಅಂದೆ.
ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಾಗಿಲ ಹಿಂದೆ, ಕೊಡೆಯ ಕಡ್ಡಿ ಬಗ್ಗಿಸಿ ಮಾಡಿದ ತಂತಿ.
ಅಕ್ಕನದೂ ತಂಗಿಯದೂ ಒಂದರ ಮೇಲೊಂದು ಚುಚ್ಚಿದಳು.
ಕೆಳಗಿನವು ಆಗಲೇ ಬೆಳ್ಳಗಾಗಿದ್ದವು,
ಯಾವುದು ಯಾವ ದಂಡೆಯದೆಂದು ತಿಳಿಯದಷ್ಟು.

ಹೊರಡುವ ಮೊದಲು ಎರಡು ಸಿವುಡು ಮೆಂತ್ಯ ಕೊಂಡೆ.
ಇಪ್ಪತ್ತು ಅಂದಳು. ಇಪ್ಪತ್ತು ಚಾಚಿದೆ.
ನೋಟು ಮುಟ್ಟಲಿಲ್ಲ ಆಕೆ.
'ಹೇಳಿದಷ್ಟು ಕೊಟ್ಟು ಹೋಗ್ತೀಯಲ್ಲೋ,
ಕಡಿಮೆಗೆ ಕೇಳು.'