ಬಕೆಟ್ಟಿನಲ್ಲಿ ಬಂದ ಕಡಲು

ಒರೂರೋದಲ್ಲಿ ಉಪ್ಪಿಗೇನು ಬರ?
ಊರಾಚೆ ಬಯಲೆಲ್ಲ ಬೆಳ್ಳಗೆ ಹಾಸಿಕೊಂಡು ಬಿದ್ದಿದೆ.
ಆದರೂ ಡಿಯೋನಿಸಿಯಾ
ಬಸ್ ರಿಪೇರಿಯ ಗ್ರೀಸು ಮೆತ್ತಿದ ನೋಟೆಣಿಸಿ
ಒಂದು ಬಕೆಟ್ಟು ಉಪ್ಪು ಕೊಂಡಳು, ಚಿಲಿಯದ್ದು.
“ಕಡಲು ಕಸಿದವರೇ ಉಪ್ಪು ಮಾರ್ತಾರೆ ನೋಡು,”
ಅತ್ತೆ ಗೊಣಗಿದಳು.

ಗುಜರಿಯ ಗಾಜಿನ ತೊಟ್ಟಿ; ಬಿರುಕಿಗೆ ಸಿಲಿಕೋನು.
ಒಣಕಲ್ಲು ಮೂರು.
ಪಂಪು ಗುಂಯ್‌ಗುಡುತ್ತ ನೀರಿಗೆ ಗಾಳಿ ಕುಡಿಸುತ್ತದೆ,
ಈ ಎತ್ತರದಲ್ಲಿ ಮನುಷ್ಯರಿಗೇ ಉಸಿರು ಸಾಲದು.

ಆರು ವಾರ ಬರೀ ನೀರನ್ನೇ ಕಾದಳು.
ಮೀನೆಲ್ಲಿ ಎಂದವರಿಗೆ
ಮೀನು ಮುಂದಿನ ವರ್ಷ ಎಂದಳು.

ನಿನ್ನೆ ರಾತ್ರಿ
ಉಗುರಿನಷ್ಟು ಹವಳದ ಚೂರಿನ ಬುಡದಿಂದ
ಯಾರೂ ಕಾಸು ಕೊಡದ ಹುಳವೊಂದು
ಬೀಸಣಿಗೆ ಬಿಚ್ಚಿತು.
ಅತ್ತೆ ಕನ್ನಡಕ ತರಲು ಓಡಿದಳು;
ಬರುವಷ್ಟರಲ್ಲಿ ಮುಚ್ಚಿತ್ತು.
ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಇನ್ನೂ.