ಒಂದಡಿ ಮೀರಿದ ಮರ

ಯಾವ ದಿನ ಅಜ್ಜಿ, ಅಂತ ಕೇಳುತ್ತೀಯ ಕೆಜಾಯ,
ಯಾವ ದಿನ ನಿಮಗೆ ದೊರೆ ಬೇಡವಾದ?
ದಿನ ಗೊತ್ತಿಲ್ಲ ಮಗು.
ಹಾಲು ಎಷ್ಟು ಹೊತ್ತಿಗೆ ಹುಳಿಯಾಯಿತೆಂದು
ಯಾವ ಗಡಿಗೆ ಬರೆದಿಟ್ಟಿದೆ?

ದೊರೆ ನಮಗೆ ಬೇಕಾಗಿದ್ದ.
ಅವನ ಮುಖ ಬರೆದ ಪಿಂಗಾಣಿ ಬಟ್ಟಲೊಂದಿತ್ತು,
ಹಿಡಿ ಮುರಿದಿತ್ತು, ಆದರೂ ಬಂದವರಿಗೆ ಅದರಲ್ಲೇ ಚಹಾ.
ಭಾನುವಾರ ಪಾದ್ರಿಯ ಪ್ರಾರ್ಥನೆಯಲ್ಲಿ
ನಮ್ಮ ಮಳೆಗಿಂತ ಮೊದಲು ಅವನ ಆಯುಷ್ಯ.
ನನ್ನ ಅಪ್ಪ ಅವನ ತಾತನ ಯುದ್ಧಕ್ಕೆ ಹೋಗಿ
ಮೂರು ಬೆರಳು ಲೂಯಿಬೂರ್ಗಿನ ಚಳಿಗೆ ಕೊಟ್ಟು ಬಂದ;
ಉಳಿದ ಏಳರಲ್ಲೇ ಟೋಪಿ ತೆಗೆದು
ಆ ಹೆಸರಿಗೆ ತಲೆಬಾಗುತ್ತಿದ್ದ.
ಹಡಗು ಬಂದರೆ "ಮನೆಯಿಂದ ಬಂತು" ಎನ್ನುತ್ತಿದ್ದೆವು.
ಆ ಮನೆಯ ಹೊಸಿಲನ್ನು
ನಮ್ಮಲ್ಲಿ ಒಬ್ಬರೂ ತುಳಿದಿರಲಿಲ್ಲ.

ಕಾಯಿದೆಯಿತ್ತು, ನಮಗಿಂತ ಹಳೆಯದು:
ಒಂದಡಿ ಮೀರಿದ ಬಿಳಿ ಪೈನ್ ಮರವೆಲ್ಲ ದೊರೆಯದು,
ಅವನ ಹಡಗುಗಳ ಹಾಯಿಗಂಬಕ್ಕೆ.
ತೊಗಟೆಯ ಮೇಲೆ ಮೂರು ಕೊಡಲಿಯೇಟು,
ಬಾಣದ ಗುರುತಂತೆ. ನಮಗೆ ಕಂಡದ್ದು ಕೋಳಿಯ ಕಾಲು.
ನಾವು ಕಂಡೂ ಕಾಣದಂತೆ ಗರಗಸ ಎಳೆದೆವು,
ಅವರು ಕಂಡೂ ಕಾಣದಂತೆ ರಮ್ ಕುಡಿದು ಹೋದರು.
ಹಗ್ಗ ಉದ್ದವಿರುವ ತನಕ
ಹಸುವಿಗೆ ಗೂಟದ ನೆನಪೇ ಇರುವುದಿಲ್ಲ.

ಆಮೇಲೆ ಹಗ್ಗ ಸುತ್ತತೊಡಗಿದರು.
ಕಾಗದಕ್ಕೆ ಮುದ್ರೆಯ ದುಡ್ಡು, ಗಾಜಿಗೆ, ಬಣ್ಣಕ್ಕೆ, ಚಹಾಕ್ಕೆ.
ಜೇಬೆಜ್, ನಿನ್ನ ತಾತ, ಲೆಕ್ಕ ಹಾಕಿ ನಕ್ಕ:
"ದುಡ್ಡೇನು ಮಹಾ! ವರ್ಷಕ್ಕೊಂದು ಕುರಿಯ ಬೆಲೆ.
ಆದರೆ ನಮ್ಮನ್ನು ಕೇಳಲೇ ಇಲ್ಲವಲ್ಲ?"
ಆ "ಕೇಳಲೇ ಇಲ್ಲ"
ಹಲ್ಲಿನ ಸಂದಿಯ ಮಾಂಸದ ಎಳೆಯಂತೆ ಸಿಕ್ಕಿಕೊಂಡಿತು.
ಏಳು ವರ್ಷ ಅವನ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಅಪ್ಪ ಸತ್ತದ್ದು ಫೆಬ್ರವರಿಯಲ್ಲಿ. ನೆಲ ಕಬ್ಬಿಣ.
ಪೆಟ್ಟಿಗೆಗೆ ಅಗಲದ ಹಲಗೆ ಬೇಕು,
ಅವನ ಹೆಗಲು ನಿನಗೇನು ಗೊತ್ತು,
ಬಾಗಿಲಲ್ಲಿ ಓರೆಯಾಗಿ ನುಸುಳುತ್ತಿದ್ದ ಮನುಷ್ಯ.
ಜೇಬೆಜ್ ಹಿತ್ತಿಲಾಚೆಯ ಪೈನ್ ಕಡಿದ,
ಕೋಳಿಕಾಲು ಇದ್ದದ್ದನ್ನೇ.
ಮೂರನೆಯ ದಿನ ಸರ್ವೇಯವರ ಕಡೆಯ ಟ್ರೆಡ್‌ವೆಲ್ ಬಂದ.
ಸಭ್ಯ. ಬೂಟಿನ ಹಿಮವನ್ನು ಹೊರಗೇ ಒದರಿ,
ಟೋಪಿ ಕಂಕುಳಲ್ಲಿಟ್ಟು,
ಅಪ್ಪ ಒಳಗೆ ಮಲಗಿರುವಾಗಲೇ
ಹಲಗೆಯ ಅಗಲ ಅಳೆದ.
"ಹದಿನೆಂಟು ಅಂಗುಲ," ಎಂದ. "ಕ್ಷಮಿಸಿ ತಾಯಿ."
ದಂಡ ಬರೆದ.
ಕ್ಷಮೆ ಕೇಳಿದ್ದು ನಿಜ. ಅದನ್ನೂ ಹೇಳಬೇಕು.

ಅಂದು ಯಾರೂ ಕೂಗಲಿಲ್ಲ. ಕೋವಿ ಗೂಟದಲ್ಲೇ ಇತ್ತು.
ಆ ಭಾನುವಾರ ಪಾದ್ರಿ ದೊರೆಯ ಆಯುಷ್ಯ ಬೇಡಿದಾಗ
ನಮ್ಮ ಬೆಂಚಿನಿಂದ "ಆಮೆನ್" ಬರಲಿಲ್ಲ.
ಹಿಂದಿನ ಬೆಂಚಿನಿಂದಲೂ.
ಒಂದು ಕೆಮ್ಮು, ಅಷ್ಟೆ.
ಪಾದ್ರಿ ತಲೆಯೆತ್ತಿ ನೋಡಿದರು.
ವಸಂತದಲ್ಲಿ ಬಂದರಿಗೆ ಹಡಗು ಬಂದಾಗ
"ಇಂಗ್ಲೆಂಡಿನಿಂದ ಬಂತು" ಅಂದೆ ನಾನು,
ಅಂದದ್ದು ನನಗೇ ಆಮೇಲೆ ಕೇಳಿಸಿತು.
ಆ ಮಾತಿಗೆ ಹೆಸರು ಸಿಗಲು ಇನ್ನೂ ನಾಲ್ಕು ವರ್ಷ.
ಹೆಸರನ್ನು ಬೇರೆಯವರು ಬರೆದು ಕಳಿಸಿದರು,
ದಕ್ಷಿಣದಿಂದ, ಬೆವರಿದ ಕುದುರೆಯ ಮೇಲೆ.

ಒಂದು ಮಾತು ಬಿಟ್ಟೆ.
ಬುಟ್ಟಿ ಮಾರುವ ಮಾಲಿಯಾನ್, ಅಬೆನಾಕಿಯವಳು,
ಹೊಸಿಲ ಕಲ್ಲಿನ ಮೇಲೆ ಕೂತಿದ್ದಳು
ಜೇಬೆಜ್ "ನಮ್ಮ ಮರ! ನಮ್ಮ ನೆಲ!" ಎಂದು ಮೇಜು ಗುದ್ದಿದ ರಾತ್ರಿ.
ಬುಟ್ಟಿಯ ಬೆಲೆಯನ್ನು ಎರಡು ಸಲ ಹೇಳಿದಳು,
ಬೇರೇನೂ ಹೇಳಲಿಲ್ಲ.
ನಾನು ಚೌಕಾಸಿ ಮಾಡಲಿಲ್ಲ.
ಮುಖ ನೋಡಲೂ ಇಲ್ಲ.

ಆ ಮರದ ಮಿಕ್ಕ ಹಲಗೆ ಅಟ್ಟದಲ್ಲಿದೆ,
ನೀನು ಕಾಲು ಚಾಚಿ ಮಲಗುವುದು ಅದರ ಮೇಲೇ.
ಅಂಚಿನಲ್ಲಿ ಬೆರಳಾಡಿಸಿ ನೋಡು, ಮೂರು ಏಟು.
ನಾವು ಕಡಿಯುವ ಎಷ್ಟೋ ಮೊದಲೇ
ಮರ ಗಾಯದ ಸುತ್ತ ತುಟಿ ಬೆಳೆಸಿಕೊಂಡಿತ್ತು.

ಬಟ್ಟಲೇ? ಎಸೆದಿಲ್ಲ.
ಒಲೆಯ ಪಕ್ಕದಲ್ಲಿದೆ, ಉಪ್ಪು ತುಂಬಿಟ್ಟಿದ್ದೇನೆ,
ಮುಖ ಗೋಡೆಯ ಕಡೆಗೆ.
ಹೋಗು, ಸಾರಿಗೆ ಒಂದು ಚಿಟಿಕೆ ತಾ.
ನೋಡಿಕೊಂಡು ಎತ್ತು, ಮುರಿದ ಹಿಡಿ ಕೈ ಕೊಯ್ಯುತ್ತದೆ.